ಬೀಗದಜ್ಜನ ಕೈ

ಊರು ಸರ್ಕಾರದ ಮೇಲೆ ತಿರುಗಿಬಿದ್ದಿದ್ದ ದಿನಗಳು. ಕರಪತ್ರ ಬರೆದ ಮೇಷ್ಟ್ರನ್ನು ಹಿಡಿಯಲು ಪೊಲೀಸರು ಬೀಗ ರಿಪೇರಿಯ ಅಜ್ಜನನ್ನು ರಾತ್ರೋರಾತ್ರಿ ಆ ಮೇಷ್ಟ್ರ ಮನೆಬಾಗಿಲಿಗೆ ಕರೆತಂದರು.

"ಸದ್ದಾದ್ರೆ ಹಿತ್ತಲಿಂದ ಹಾರಿಬಿಡ್ತಾನೆ. ಮೆತ್ತಗೆ ತೆಗಿ ಅಜ್ಜ," ಎಂದ ಜಮಾದಾರ.

ಒಳಗಿಂದ ಹಾಕಿದ್ದ ಆ ಬಾಗಿಲ ಬೀಗ ಕೂರಿಸಿದವನು ಅಜ್ಜನೇ, ಕಣ್ಣುಮುಚ್ಚಿ ತೆಗೆಯಬಲ್ಲ. ಆದರೆ ಮನೆಯವರು ಎದುರಿಗಿಲ್ಲದೆ ನಲವತ್ತು ವರ್ಷದಲ್ಲಿ ಒಂದು ಬೀಗವನ್ನೂ ಮುಟ್ಟಿದವನಲ್ಲ. ತಂತಿ ತೂರಿಸಿ ಬೇಕೆಂದೇ ಒಳಗೆ ಮುರಿದ. ಕೈಯ ಸುತ್ತಿಗೆಯನ್ನು ಕಲ್ಲುಮೆಟ್ಟಿಲ ಮೇಲೆ ಠಣ್ಣೆಂದು ಬೀಳಿಸಿದ. ಪೊಲೀಸರು ಬಾಗಿಲು ಒಡೆದಾಗ ಒಳಗೆ ಬೆಚ್ಚಗಿನ ಹಾಸಿಗೆಯಷ್ಟೇ ಇತ್ತು.

"ಥೂ ಮುದಿಯ, ನಿನ್ನ ಕೈ ಬಿದ್ದೇಹೋಗಿದೆ," ಎಂದು ಜಮಾದಾರ ಬೀದಿಗೆಲ್ಲ ಕೇಳುವಂತೆ ಉಗಿದ.

ಆಮೇಲೆ ಅಂಗಡಿಗೆ ಯಾರೂ ಬೀಗ ತರಲಿಲ್ಲ.

"ನಿಜವಾಗ್ಲೂ ಕೈ ನಡುಗಿತಾ?" ಎಂದಳು ಹೆಂಡತಿ.

ಗೋಡೆಗೂ ಕಿವಿಯಿದ್ದ ಕಾಲ. "ಹೂಂ ಕಣೆ, ವಯಸ್ಸಾಯ್ತು," ಎಂದ ಅಜ್ಜ. ಜಮಾದಾರನ ಬೈಗುಳಕ್ಕಿಂತ ತನ್ನ ಈ ಮಾತೇ ಅವನನ್ನು ಹೆಚ್ಚು ಚುಚ್ಚಿತು.