ಬೆಳಕಿಗೆ ಬರ್ರಿ

ಲಂಡನ್ನಿನ ಆಸ್ಪತ್ರೆಯಲ್ಲಿ ನನಗೆ ಚರ್ಮರೋಗಶಾಸ್ತ್ರ ಕಲಿಸಿದ ಪ್ರೊಫೆಸರ್ ಮೇಡಂ ಧಾರವಾಡದವರು. ಯಾವ ರೋಗಿ ಬಂದರೂ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪರದೆ ಸರಿಸಿ, "ಬೆಳಕಿಗೆ ಬರ್ರಿ" ಎನ್ನುತ್ತಿದ್ದರು. ಕನ್ನಡ ಬಾರದವರಾದರೆ ಆಮೇಲೆ ಇಂಗ್ಲಿಷಿಗೆ ಹೊರಳುತ್ತಿದ್ದರು.

ಜಿಪಿ, ಅಂದರೆ ಬಡಾವಣೆಯ ಫ್ಯಾಮಿಲಿ ಡಾಕ್ಟರ್ ಆಗುವುದೋ, ಅವರ ಬಳಿ ಸಂಶೋಧನೆಗೆ ಉಳಿಯುವುದೋ ಎಂದು ನಾನು ಸಂಜೆಯೊಳಗೆ ತಿಳಿಸಬೇಕಿದ್ದ ದಿನ, ಲಂಡನ್ನಿನದೇ ಟೂಟಿಂಗ್ ಬಡಾವಣೆಯಿಂದ ಕಲಬುರಗಿ ಮೂಲದ ಅಜ್ಜಿಯೊಬ್ಬರು ಬಂದರು. ಅವರ ಕಾಲು ಉರಿಯುತ್ತಿತ್ತು. ಚರ್ಮ ಕೆಂಪಾಗಿಲ್ಲ, ಹಾಗಾಗಿ ಏನೂ ಇಲ್ಲವೆಂದು ಹಿಂದೆ ನೋಡಿದ ಡಾಕ್ಟರರು ಕಳಿಸಿಬಿಟ್ಟಿದ್ದರು. ಟ್ಯೂಬ್‌ಲೈಟಿನಲ್ಲಿ ನನಗೂ ಏನೂ ಕಾಣಲಿಲ್ಲ.

"ಎಲ್ಲಾರೂ ಕಂಪ್ಯೂಟರ್ ನೋಡಿದ್ರವ್ವಾ, ಕಾಲ್ ಯಾರೂ ನೋಡ್ಲಿಲ್ಲ" ಎಂದರು ಅಜ್ಜಿ.

ಪ್ರೊಫೆಸರ್ ಎಂದಿನಂತೆ ದೀಪ ಆರಿಸಿ, ಪರದೆ ಸರಿಸಿ, ನನ್ನ ಕೈ ಹಿಡಿದು ಆ ಕಾಲಿನ ಮೇಲಿಟ್ಟರು. ಚರ್ಮ ಬಿಸಿಯಾಗಿತ್ತು. ಹಗಲ ಬೆಳಕಿನಲ್ಲಿ ಕಂದು ಬಣ್ಣದೊಳಗಿಂದ ನೇರಳೆ ಛಾಯೆ ನಿಧಾನವಾಗಿ ಎದ್ದು ಬಂತು.

"ನಮ್ಮ ಕಂದು ಮೈಮ್ಯಾಲೆ ಉರಿಯೂತ ಹಿಂಗ ಕಾಣ್ತದ. ಔಷಧ ಅದ ಅಜ್ಜಿ, ಕಡಿಮಿ ಆಗ್ತದ" ಎಂದರು ಪ್ರೊಫೆಸರ್.

"ಮೇಡಂ, ನಮ್ಮ ಪುಸ್ತಕದಲ್ಲಿ ಇಂಥ ಫೋಟೋ ಒಂದೂ ಇಲ್ವಲ್ಲ?" ಎಂದೆ.

"ನೀ ಇನ್ನೂ ಆ ಪುಸ್ತಕ ಬರದಿಲ್ಲಲ್ಲಾ, ಅದಕ್ಕ."

ಸಂಜೆಯವರೆಗೆ ಕಾಯಲಿಲ್ಲ. ಅಜ್ಜಿ ಸಾಕ್ಸ್ ಏರಿಸಿಕೊಳ್ಳುವಷ್ಟರಲ್ಲೇ, ಉಳಿಯುತ್ತೇನೆಂದು ಹೇಳಿಬಿಟ್ಟೆ.