ನಾನೂರು ವರ್ಷದ ಶಾಲೆ, ನನ್ನದೊಂದು ಡೌಟು

ಹತ್ತೊಂಬತ್ತನೇ ಮಹಡಿಯ ಅಂಕಲ್ ನನ್ನನ್ನು ಪತ್ತೆ ಹಚ್ಚಿದ್ದು ನನ್ನ ಕೈಬರಹದಿಂದ. ಮ್ಯಾನ್‌ಹ್ಯಾಟನ್ನಿನಿಂದ ನದಿಯಾಚೆಯ ಫೋರ್ಟ್ ಲೀಯ ನಮ್ಮ ಕಟ್ಟಡದ ಲಾಂಡ್ರಿ ರೂಮಿನಲ್ಲಿ ಒಂದು ಡ್ರೈಯರ್ ಬಟ್ಟೆ ಸುಡುತ್ತಿತ್ತು. ಬೇರೆಯವರಿಗೆ ತೊಂದರೆಯಾಗದಿರಲಿ ಎಂದು ಅದರ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ ಬರೆದು ಅಂಟಿಸಿ ಬಂದಿದ್ದೆ. ಅದನ್ನು ಬರೆದವರು ಯಾರೆಂದು ಕೆಳಗಿನ ಡೆಸ್ಕಿನಲ್ಲಿ ವಿಚಾರಿಸಿಕೊಂಡು, ಮಾರನೆಯ ದಿನ ಬೆಳಿಗ್ಗೆ ಅವರು ಆರನೇ ಮಹಡಿಯ ನಮ್ಮ ಮನೆಯ ಬೆಲ್ ಒತ್ತಿದರು. ಎಲಿವೇಟರಿನಲ್ಲಿ ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಮೊದಲೇ ಕೇಳಿಸಿಕೊಂಡಿದ್ದರಂತೆ.

"ಕಾನ್ವೆಂಟ್ ತಾನೇ?" ಎಂದರು, ಒಳಗೆ ಬರುವ ಮೊದಲೇ. "ಆ ಎಸ್ ಅಕ್ಷರದ ಬಾಲ ನೋಡಿದ ಕೂಡ್ಲೇ ಗೊತ್ತಾಯ್ತು. ಯಾವೂರಮ್ಮ?"

"ಮೈಸೂರು, ಅಂಕಲ್."

"ಹಾಗಾದ್ರೆ ನನ್ನ ಕೈಬರಹ ನಿನಗೆ ಓದಕ್ಕೆ ಬರುತ್ತೆ. ನನ್ನ ಮಗಳಿಗೆ ಬರಲ್ಲ."

ಅವರೂ ಮೈಸೂರಿನ ಕಡೆಯವರೇ. ಚಿಕ್ಕ ವಯಸ್ಸಿನಲ್ಲೇ ಇಂಗ್ಲೆಂಡಿಗೆ ಹೋಗಿ, ಒಂದು ಸಣ್ಣ ಊರಿನ ಬಹಳ ಹಳೆಯ ಗಂಡುಹುಡುಗರ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗಣಿತ ಕಲಿಸಿದ್ದರು. ನಿವೃತ್ತಿಯಾಗಿ, ಆಂಟಿ ತೀರಿಕೊಂಡ ಮೇಲೆ, ಆಸ್ಪತ್ರೆಯಲ್ಲಿ ಕೆಲಸ ಮಾಡುವ ಮಗಳ ಜೊತೆ ಇರಲು ಇಲ್ಲಿಗೆ ಬಂದಿದ್ದರು. ನಾನೂರು ವರ್ಷ ಬರೀ ಹುಡುಗರಿಗಾಗಿ ನಡೆದ ಆ ಶಾಲೆ ಈಗ ಹುಡುಗಿಯರನ್ನೂ ಸೇರಿಸಿಕೊಳ್ಳುವುದಿತ್ತು. ಅದಕ್ಕೆ ಮೊದಲು ಶಾಲೆಯ ಚರಿತ್ರೆಯೊಂದು ಪುಸ್ತಕವಾಗಿ ಬರಲಿ ಎಂದು ಅಲ್ಲಿನ ಕಮಿಟಿ ತೀರ್ಮಾನಿಸಿ, ಹಳೆಯ ಕಾಗದಪತ್ರಗಳ ಕೋಣೆಯನ್ನು ಕೊನೆಯವರೆಗೂ ನೋಡಿಕೊಂಡಿದ್ದ ಅಂಕಲ್‌ಗೇ ಬರೆಯುವ ಕೆಲಸ ವಹಿಸಿತ್ತು. ಕೈಯಲ್ಲಿ ಬರೆಯಲು ಅವರಿಗೆ ಹೇಗೋ ಆಗುತ್ತಿತ್ತು. ಟೈಪ್ ಮಾಡಲು ಬೆರಳು ನಡುಗುತ್ತಿದ್ದವು.

"ಹಿಂದೊಂದು ಸಣ್ಣ ಪುಸ್ತಕ ತಂದಿದ್ರು," ಎಂದರು. "ಮೇಷ್ಟ್ರುಗಳ ಪಟ್ಟಿಯಲ್ಲಿ ನನ್ನ ಹೆಸರು ಬಿಟ್ಟೇ ಹೋಗಿತ್ತು. ಕೇಳಿದ್ದಕ್ಕೆ, ಪ್ರಿಂಟಿಂಗ್ ಮಿಸ್ಟೇಕ್ ಅಂದ್ರು. ಈ ಸಲ ಹೆಸರು ರಟ್ಟಿನ ಮೇಲೇ ಇರುತ್ತೆ, ಹೆಂಗೆ ಬಿಡ್ತಾರೆ?"

ನನ್ನದು ಗಂಡನ ಕೆಲಸದ ಮೇಲೆ ಸಿಕ್ಕಿದ ಎಚ್-ಫೋರ್ ವೀಸಾ. ಕೆಲಸಕ್ಕೆ ಹೋಗುವಂತಿಲ್ಲ. ಯಜಮಾನರು ಬಸ್ಸಿನಲ್ಲಿ ಮ್ಯಾನ್‌ಹ್ಯಾಟನ್ನಿಗೆ, ಮಗಳು ಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವುದು ನಾನು ಮತ್ತು ಡಿಶ್‌ವಾಷರಿನ ಸದ್ದು. ಒಪ್ಪಿಕೊಂಡೆ. ಮಂಗಳವಾರ ಮತ್ತು ಗುರುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅವರ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಟೈಪ್ ಮಾಡುವುದು, ಅಧ್ಯಾಯ ಮುಗಿದ ಹಾಗೆ ಅದನ್ನು ಅವರ ಮೇಲ್‌ನಿಂದ ಕಮಿಟಿಯ ಕಾರ್ಯದರ್ಶಿಗೆ ಕಳಿಸುವುದು. ಶಾಲೆಯ ಹಳೆಯ ಕಾಗದಗಳ ಜೆರಾಕ್ಸ್ ಪ್ರತಿಗಳು ಸೋಫಾದ ಪಕ್ಕ ಪೆಟ್ಟಿಗೆಗಳಲ್ಲಿದ್ದವು. ಅವರ ಕಿಟಕಿಯಿಂದ ಮ್ಯಾನ್‌ಹ್ಯಾಟನ್ನಿಗೆ ಹೋಗುವ ಇಡೀ ಸೇತುವೆ ಕಾಣುತ್ತಿತ್ತು. ನಮ್ಮ ಕಿಟಕಿಗೆ ಪಾರ್ಕಿಂಗ್ ಲಾಟ್ ಮಾತ್ರ.

ನಡುವೆ ಅವರೇ ಕಾಫಿ ಬೆರೆಸಿ ತರುತ್ತಿದ್ದರು. ಕುಡಿಯುವಾಗ ನನ್ನ ಕಾನ್ವೆಂಟಿನ ವಿಷಯ ಕೇಳುತ್ತಿದ್ದರು. ಮೊದಮೊದಲು ನನಗೆ ಖುಷಿಯೇ. ನನ್ನ ಶಾಲೆಯ ಬಗ್ಗೆ ಈ ದೇಶದಲ್ಲಿ ಯಾರೂ ಏನೂ ಕೇಳಿರಲಿಲ್ಲ. ಚಾಪೆಲಿನ ಹಿಂದಿದ್ದ ಮಾವಿನ ಮರ, ಕಾಂಪಾಸ್ ಬಾಕ್ಸಿನ ಮುಚ್ಚಳದಲ್ಲಿ ಉಪ್ಪು ಖಾರ ಕಲಸಿ ಕಾಯಿ ತಿಂದದ್ದು, ಮಧ್ಯಾಹ್ನದ ಬೆಲ್ ಆದ ಮೇಲೆ ಸಿಸ್ಟರ್ ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಕೈ ಮೂಸಿ ನೋಡುತ್ತಿದ್ದದ್ದು ಎಲ್ಲವನ್ನೂ ಹೇಳಿದೆ. ನಾವು ಕೈಗೆ ಚಾಕ್‌ಪುಡಿ ತಿಕ್ಕಿಕೊಂಡು ಹೋಗುತ್ತಿದ್ದೆವು ಎಂದಾಗ ಅಂಕಲ್ ಜೋರಾಗಿ ನಕ್ಕರು. ನಕ್ಕು, ಅಂಗಿಯ ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದು ಪೆನ್ಸಿಲಿನಲ್ಲಿ ಏನೋ ಗೀಚಿದರು. ನಾನು ನೋಡಿದ್ದನ್ನು ನೋಡಿ ಮುಚ್ಚಿದರು.

ಏನು ಬರೆದುಕೊಂಡರೋ. ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಮತ್ತೆ ಟೈಪ್ ಮಾಡಲು ಕೂತೆ.

ಎರಡು ವಾರದ ನಂತರ ಎರಡನೇ ಅಧ್ಯಾಯ ಟೈಪ್ ಮಾಡುತ್ತಿದ್ದೆ. ಶಾಲೆಯ ಪಕ್ಕದ ಚರ್ಚಿಗೆ ಸೇಬಿನ ತೋಟವಿತ್ತಂತೆ. ಹುಡುಗರು ಕದ್ದು ತಿನ್ನುತ್ತಿದ್ದರಂತೆ. ಮಧ್ಯಾಹ್ನ ತರಗತಿಯ ಬಾಗಿಲಲ್ಲಿ ಕಿರಿಯ ಮೇಷ್ಟರು ನಿಂತು ಒಬ್ಬೊಬ್ಬ ಹುಡುಗನ ಕೈಯನ್ನೂ ಮೂಸಿ ಒಳಗೆ ಬಿಡುತ್ತಿದ್ದರಂತೆ. ಜಾಣ ಹುಡುಗರು ಅಂಗೈಗೆ ಚಾಕ್ ಉಜ್ಜಿಕೊಂಡು ಬರುತ್ತಿದ್ದರಂತೆ.

ನನ್ನ ಬೆರಳು ಅಲ್ಲೇ ನಿಂತಿತು. ಅಂಕಲ್ ಕಡೆ ನೋಡಿದೆ. ಅವರು ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದರು. ಪುಟ ಮಾತ್ರ ಮಗುಚುತ್ತಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ.

"ಮಾವಿನಕಾಯಿ ತೆಗೆದು ಆಪಲ್ ಇಟ್ಟಿದ್ದಾರೆ ಅಷ್ಟೇ ತಾನೇ," ಎಂದರು. "ಊರಿಗೆ ತಕ್ಕ ಹಾಗೆ ಬದಲಾಯಿಸೋದನ್ನ ಲೋಕಲೈಸೇಷನ್ ಅಂತಾರೆ ನಮ್ಮ ಆಫೀಸಲ್ಲಿ."

"ತಮಾಷೆ ಬೇಡ ರೀ. ಚರಿತ್ರೆ ಅಂದ್ರೆ ಚರಿತ್ರೆ ಅಲ್ವಾ?"

"ಅವರು ನಿಜವಾಗಿ ಅಲ್ಲಿ ಟೀಚರ್ ಆಗಿದ್ರಾ, ಅದನ್ನ ಮೊದಲು ಕೇಳು. ನಿನ್ನಂಥ ಫ್ರೀ ಟೈಪಿಸ್ಟ್ ಸಿಕ್ಕಿದ್ರೆ ನಾನೂ ಒಂದು ಸ್ಕೂಲ್ ಹಿಸ್ಟರಿ ಬರೀತೀನಿ."

ಅವರು ಹೇಳಿದ್ದು ತಮಾಷೆಗೆ. ನನಗೆ ಮಾತ್ರ ಅದು ಒಳಗೆ ಉಳಿಯಿತು. ಮುಂದಿನ ಮಂಗಳವಾರ ಹೋದಾಗ ಅವರ ಗೋಡೆಯ ಮೇಲಿದ್ದ ಆ ಶಾಲೆಯ ಸ್ಟಾಫ್ ಫೋಟೋದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತೆ. ಹಿಂದಿನ ಸಾಲಿನ ತುದಿಯಲ್ಲಿ, ಅರ್ಧ ಮುಖ ಮುಂದಿನವರ ತಲೆಯ ಹಿಂದೆ ಮರೆಯಾದ ಒಬ್ಬರು. ಕನ್ನಡಕ ಅಂಕಲ್ ಹಾಕುವಂಥದ್ದೇ ಆಗಿತ್ತು. ಬೇರೆ ಯಾರದ್ದಾದರೂ ಇರಬಹುದಿತ್ತು. ನೋಟ್‌ಬುಕ್ ಮೇಜಿನ ಮೇಲೆ ಕವುಚಿ ಬಿದ್ದಿತ್ತು. ಅವರು ಅಡುಗೆಮನೆಯಲ್ಲಿದ್ದಾಗ ತೆಗೆದು ನೋಡಬಹುದಿತ್ತು. ನೋಡಲಿಲ್ಲ. ಬೇರೆಯವರ ವಸ್ತು ಮುಟ್ಟಬಾರದೆಂದು ಕಲಿತವಳು ನಾನು. ಆದರೂ ಮನಸ್ಸಿನಲ್ಲಿ ಅದನ್ನು ಹತ್ತು ಸಲ ತೆರೆದಿದ್ದೆ.

ಆಮೇಲಿನಿಂದ ಅವರು ಕಾಫಿಯ ಹೊತ್ತಿನಲ್ಲಿ ಏನಾದರೂ ಕೇಳಿದರೆ ನಾನು ಸಣ್ಣ ಸಣ್ಣ ಉತ್ತರ ಕೊಡತೊಡಗಿದೆ. ಆದರೆ ಒಂದು ವಿಷಯವನ್ನು ಆಗಲೇ ಹೇಳಿಬಿಟ್ಟಿದ್ದೆ. ಅದು ಚಕ್ಕೆಯ ವಿಷಯ.

ನಮ್ಮ ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿ ಸಿಕ್ಕಿಬಿದ್ದವಳ ಕೊರಳಿಗೆ ದಾರ ಪೋಣಿಸಿದ ಒಂದು ಮರದ ತುಂಡನ್ನು ಹಾಕುತ್ತಿದ್ದರು. ನಾವು ಅದನ್ನು ಚಕ್ಕೆ ಎನ್ನುತ್ತಿದ್ದೆವು. ಹಾಕಿಸಿಕೊಂಡವಳು ಕನ್ನಡ ಮಾತಾಡುವ ಇನ್ನೊಬ್ಬಳನ್ನು ಹುಡುಕಿ ಅವಳಿಗೆ ದಾಟಿಸಬೇಕು. ಸಂಜೆ ಬೆಲ್ ಹೊಡೆದಾಗ ಯಾರ ಕೊರಳಲ್ಲಿ ಇರುತ್ತದೋ ಅವಳು ಉಳಿದು ತರಗತಿ ಗುಡಿಸಬೇಕು. ನನ್ನ ಪ್ರಾಣಸ್ನೇಹಿತೆ ಒಮ್ಮೆ ಬೇಕೆಂದೇ ನನ್ನ ಕಾಲು ತುಳಿದು, ನಾನು "ಅಯ್ಯೋ ಅಮ್ಮಾ" ಎಂದ ಕೂಡಲೇ ಚಕ್ಕೆಯನ್ನು ನನ್ನ ಕೊರಳಿಗೆ ಹಾಕಿದ್ದಳು. ಅಂದು ಗುಡಿಸುತ್ತಾ ಅತ್ತದ್ದು ಕಸ ಗುಡಿಸಿದ್ದಕ್ಕಲ್ಲ. ಇದನ್ನು ನಾನು ಯಜಮಾನರಿಗೂ ಹೇಳಿರಲಿಲ್ಲ.

ಮೂರನೇ ಅಧ್ಯಾಯದ ಐದನೇ ಹಾಳೆಯಲ್ಲಿ ಅದು ಇತ್ತು. ಶಾಲೆಯ ಆರಂಭದ ವರ್ಷಗಳಲ್ಲಿ ಆವರಣದೊಳಗೆ ಹುಡುಗರು ಲ್ಯಾಟಿನ್ ಮಾತ್ರ ಮಾತಾಡಬೇಕಿತ್ತಂತೆ. ಇಂಗ್ಲಿಷ್ ಮಾತಾಡಿ ಸಿಕ್ಕಿಬಿದ್ದವನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರಂತೆ. ಅವನು ಅದನ್ನು ಇಂಗ್ಲಿಷ್ ಮಾತಾಡುವ ಇನ್ನೊಬ್ಬನಿಗೆ ದಾಟಿಸಬೇಕಿತ್ತಂತೆ.

ಇಂಗ್ಲೆಂಡಿನಲ್ಲಿ, ಇಂಗ್ಲಿಷ್ ಹುಡುಗರಿಗೆ, ಇಂಗ್ಲಿಷ್ ಮಾತಾಡಿದ್ದಕ್ಕೆ ಶಿಕ್ಷೆ. ಇದನ್ನು ನಂಬುವಷ್ಟು ದಡ್ಡಿ ನಾನಲ್ಲ. ಮಾವಿನಕಾಯಿ ತೆಗೆದು ಸೇಬು ಇಟ್ಟ ಹಾಗೆ ಇಲ್ಲಿ ಕನ್ನಡ ತೆಗೆದು ಇಂಗ್ಲಿಷ್ ಇಟ್ಟಿದ್ದರು. ಆ ಭರದಲ್ಲಿ, ಹೀಗೆ ಆಗಲು ಸಾಧ್ಯವೇ ಎಂದು ಯೋಚಿಸುವುದನ್ನೂ ಮರೆತಿದ್ದರು. ಮಾವಿನಕಾಯಿ ಹೋದರೆ ಹೋಗಲಿ. ಇದು ನನ್ನ ಕೊರಳಲ್ಲಿ ನೇತಾಡಿದ ಮರದ ತುಂಡು.

ಅಧ್ಯಾಯವನ್ನು ಕಳಿಸುವಾಗ ಮೇಲ್‌ನ ಕೆಳಗೆ, ಟೈಪ್ ಮಾಡಿದವಳು ಎಂದು ನನ್ನ ಹೆಸರಿನಲ್ಲಿ ಒಂದು ಸಾಲು ಸೇರಿಸಿದೆ. 'ಐ ಹ್ಯಾವ್ ಎ ಡೌಟ್ ರಿಗಾರ್ಡಿಂಗ್ ದಿಸ್ ಚಾಪ್ಟರ್, ಕೈಂಡ್ಲಿ ಚೆಕ್ ಪೇಜ್ ಫೈವ್.' ಕಳಿಸಿ, ಅಂಕಲ್ ತಂದಿಟ್ಟಿದ್ದ ಕಾಫಿಯನ್ನು ಕುಡಿದೆ. ಅವರಿಗೆ ಹೇಳಲಿಲ್ಲ.

ಗುರುವಾರ ಹೋದಾಗ ಮೇಜಿನ ಮೇಲೆ ಹೊಸ ಹಾಳೆಗಳಿರಲಿಲ್ಲ. ಲ್ಯಾಪ್‌ಟಾಪ್ ತೆರೆದಿತ್ತು. ಅಂಕಲ್ ಕೋಟು ಹಾಕಿಕೊಂಡು ಕೂತಿದ್ದರು, ಹೊರಗೆ ಹೊರಟವರಂತೆ. ಹೊರಟಿರಲಿಲ್ಲ.

"ಕೂತ್ಕೊಮ್ಮ. ಉತ್ತರ ಬಂದಿದೆ. ಓದು."

ಕಾರ್ಯದರ್ಶಿ ಎರಡು ಪ್ಯಾರಾ ಬರೆದಿದ್ದರು. ಮೊದಲನೆಯದರಲ್ಲಿ, ಐದನೇ ಪುಟವನ್ನು ಪರಿಶೀಲಿಸಿದ್ದೇವೆ, ಸರಿಯಾಗಿದೆ, ಆಧಾರವನ್ನು ಲಗತ್ತಿಸಿದ್ದೇವೆ ಎಂದಿತ್ತು. ಲಗತ್ತನ್ನು ತೆರೆದೆ. ಶಾಲೆಯ ಮೊದಲ ನಿಯಮಗಳ ಹಾಳೆ, ಲ್ಯಾಟಿನ್ನಿನಲ್ಲಿ. ಪಕ್ಕದಲ್ಲಿ ಯಾರೋ ಬಹಳ ಹಿಂದೆ ಮಾಡಿದ ಇಂಗ್ಲಿಷ್ ಅನುವಾದ. ಮರದ ತುಂಡು ಅಲ್ಲಿತ್ತು. ಇಂಗ್ಲಿಷ್ ಮಾತಾಡಿದವನಿಗೆ. ದಾಟಿಸುವುದು ಕೂಡ. ಸಂಜೆ ಯಾರ ಬಳಿ ಉಳಿಯುತ್ತದೋ ಅವನಿಗೆ ಶಿಕ್ಷೆ ಎನ್ನುವುದು ಕೂಡ.

ನಾನು ಎರಡು ಸಲ ಓದಿದೆ. ನಮ್ಮ ಸಿಸ್ಟರುಗಳು ನಮಗಾಗಿ ಹುಡುಕಿದ ಶಿಕ್ಷೆ ಎಂದು ಇಷ್ಟು ವರ್ಷ ನಾನು ಎದೆಯಲ್ಲಿಟ್ಟುಕೊಂಡದ್ದು, ಎಲ್ಲೋ ಯಾರಿಗೋ ಹಾಕಿ ತೆಗೆದಿಟ್ಟ ಹಳೆಯ ಸರಕಾಗಿತ್ತು.

ಎರಡನೇ ಪ್ಯಾರಾ ಸಣ್ಣದು. ಹಸ್ತಪ್ರತಿಯ ಬಗ್ಗೆ ಅದನ್ನು ಸಿದ್ಧಪಡಿಸುತ್ತಿರುವವರಿಗೇ ಸಂಶಯವಿರುವುದರಿಂದ, ಯೂನಿವರ್ಸಿಟಿಯ ತಜ್ಞರೊಬ್ಬರಿಂದ ಇಡೀ ಪುಸ್ತಕವನ್ನು ಪರೀಕ್ಷೆ ಮಾಡಿಸುವವರೆಗೆ ಮುದ್ರಣ ನಿಲ್ಲಿಸಿದ್ದೇವೆ. ತಪ್ಪುಗಳು ಹೆಚ್ಚಿದ್ದಲ್ಲಿ ಪುಸ್ತಕವನ್ನು ಅವರಿಂದಲೇ ಬರೆಸಬೇಕಾಗಬಹುದು.

"ಅಂಕಲ್, ನಾನು ಡೌಟ್ ಕೇಳಿದ್ದು ಅಷ್ಟೇ," ಎಂದೆ. "ಕ್ಲಾಸಲ್ಲಿ ಕೈ ಎತ್ತಿ ಸಿಸ್ಟರ್ ಡೌಟ್ ಅಂತೀವಲ್ಲ, ಹಾಗೆ."

ಅಂಕಲ್ ಕನ್ನಡಕ ತೆಗೆದು ಒರೆಸಿದರು. "ನಮ್ಮೂರಲ್ಲಿ ಡೌಟ್ ಅಂದ್ರೆ ಪ್ರಶ್ನೆ. ಅವರೂರಲ್ಲಿ ಡೌಟ್ ಅಂದ್ರೆ ನಂಬಿಕೆ ಇಲ್ಲ ಅಂತ. ನಾನು ಅಲ್ಲಿ ಹೋದ ಹೊಸದರಲ್ಲಿ ಹೆಡ್‌ಮಾಸ್ಟರ್‌ಗೆ ಐ ಹ್ಯಾವ್ ಎ ಡೌಟ್ ಅಂದಿದ್ದಕ್ಕೆ ಅವರು ಒಂದು ವಾರ ನನ್ನ ಜೊತೆ ಮಾತಾಡಿರಲಿಲ್ಲ." ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. "ಈಗ ಹೇಳು. ನೀನು ಬರೆದಿದ್ದು ಯಾವೂರಿನ ಡೌಟು?"

ತಪ್ಪಿಸಿಕೊಳ್ಳಲು ಬಾಗಿಲನ್ನು ಅವರೇ ತೆರೆದು ಹಿಡಿದಿದ್ದರು. ನಮ್ಮೂರಿನದು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

"ಅವರೂರಿನದೇ, ಅಂಕಲ್."

ಅವರು ತಲೆಯಾಡಿಸಿದರು.

"ಚಕ್ಕೆ ವಿಷಯ ನೀನು ಹೇಳಿದ ದಿನ ನನಗೆ ಆ ನಿಯಮದ ಹಾಳೆ ನೆನಪಾಯ್ತು. ಪೆಟ್ಟಿಗೆಯಲ್ಲಿ ಜೆರಾಕ್ಸ್ ಇತ್ತು, ನಾನೇ ಮರೆತುಬಿಟ್ಟಿದ್ದೆ. ಅದನ್ನ ನಿನಗೆ ತೋರಿಸಬೇಕಿತ್ತು. ನಿನಗೆ ಬೇಜಾರಾಗುತ್ತೇನೋ ಅಂತ ತೋರಿಸಲಿಲ್ಲ."

"ಮತ್ತೆ ಸೇಬು?"

ಕೇಳಬಾರದಿತ್ತೇನೋ. ಕೇಳಿಬಿಟ್ಟೆ. ಅಂಕಲ್ ಮುಖ ಸಣ್ಣಗಾಯಿತು.

"ಸೇಬಿನ ತೋಟ ಇತ್ತು. ಹುಡುಗರು ಕದೀತಿದ್ರು, ಅದಕ್ಕೆ ದಾಖಲೆ ಇದೆ. ಕೈ ಮೂಸಿದ್ದು..." ಎಂದು ನಿಲ್ಲಿಸಿದರು. "ಅದು ನಿನ್ನದು. ಚಾಕ್‌ಪುಡಿಯೂ ನಿನ್ನದೇ. ನಾನೂರು ವರ್ಷದಲ್ಲಿ ಬರೀ ಛಾವಣಿ ರಿಪೇರಿ, ಹೆಡ್‌ಮಾಸ್ಟರ್ ನೇಮಕ, ಇಷ್ಟೇ ಇದೆ ಆ ಪೆಟ್ಟಿಗೆಗಳಲ್ಲಿ. ಹುಡುಗರೇ ಇಲ್ಲ. ನೀನು ಹೇಳ್ತಿದ್ದಾಗ ಅವರು ಕಣ್ಣಿಗೆ ಕಂಡ್ರು. ಹಾಕಿಬಿಟ್ಟೆ."

ಸಿಟ್ಟು ಬರಬೇಕಿತ್ತು. ನನ್ನ ಅನುಮಾನ ಅರ್ಧ ನಿಜವಾಗಿತ್ತು. ಆದರೆ ನಿಜವಾದ ಅರ್ಧವನ್ನು ಬಿಟ್ಟು, ಸುಳ್ಳಾದ ಅರ್ಧವನ್ನು ನಾನು ಆ ಊರಿಗೆ ಬರೆದು ಕಳಿಸಿದ್ದೆ. ಆ ಒಂದು ಸಾಲಿನಿಂದ ರಟ್ಟಿನ ಮೇಲಿನ ಹೆಸರು ಈಗ ಹೋಗುವ ಹಾಗಿತ್ತು.

"ಕಾರ್ಯದರ್ಶಿಗೆ ನಾನೇ ಬರೀತೀನಿ ಅಂಕಲ್. ತಪ್ಪು ನನ್ನದು ಅಂತ."

"ಬರೆದ್ರೆ ಏನಾಗುತ್ತೆ? ಕೈ ಮೂಸಿದ್ದು ಸುಳ್ಳೇ ಅಲ್ವಾ? ಆ ತಜ್ಞ ಮೊದಲು ಹಿಡಿಯೋದು ಅದನ್ನೇ." ಅವರು ಎದ್ದು ಕೋಟು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿದರು. "ಅವನು ತಪ್ಪು ಹುಡುಕೋಕೆ ಮುಂಚೆ ನೀನು ಹುಡುಕು. ಅನುಮಾನ ಪಡೋದರಲ್ಲಿ ನಿನಗಿಂತ ಒಳ್ಳೆಯವರು ನನಗೆಲ್ಲಿ ಸಿಗ್ತಾರೆ?"

ಅದು ಕುಟುಕು ಮಾತೋ, ನಂಬಿ ಕೊಟ್ಟ ಕೆಲಸವೋ ನನಗೆ ಇವತ್ತಿಗೂ ಸ್ಪಷ್ಟವಿಲ್ಲ. ಎರಡೂ ಇರಬೇಕು. ಸೋಫಾದ ಪಕ್ಕದ ಪೆಟ್ಟಿಗೆಗಳನ್ನು ಮೇಜಿನ ಹತ್ತಿರ ಎಳೆದುಕೊಂಡೆವು. ಮೊದಲ ಅಧ್ಯಾಯದ ಮೊದಲ ಸಾಲಿನಿಂದ ಶುರು ಮಾಡಿದೆ. ಸಾಲಿನ ಮೇಲೆ ಬೆರಳಿಟ್ಟು "ಇದು?" ಎನ್ನುತ್ತಿದ್ದೆ. ಅವರು ಪೆಟ್ಟಿಗೆಯಿಂದ ಕಾಗದ ಹುಡುಕಿ ಕೊಡುತ್ತಿದ್ದರು. ಕಾಗದ ಸಿಕ್ಕಿದ ಸಾಲಿನ ಪಕ್ಕ ಅದರ ಗುರುತು ಬರೆಯುತ್ತಿದ್ದೆ. ಕೈ ಮೂಸಿದ ಮೇಷ್ಟರನ್ನು ನಾನೇ ಅಳಿಸಿದೆ. ಅಳಿಸುವಾಗ ಅಂಕಲ್ ಬೇರೆ ಕಡೆ ನೋಡುತ್ತಿದ್ದರು. ನನ್ನ ಚಾಕ್‌ಪುಡಿಯೂ ಅದರ ಜೊತೆ ಹೋಯಿತು.

ಹೀಗೆ ಎರಡು ವಾರ ನಡೆಯಿತು. ಒಂದು ದಿನ ಎರಡನೇ ಅಧ್ಯಾಯದ ಕೊನೆಗೆ ಬಂದೆವು. ಹಳೆಯ ತರಗತಿಯ ಬೆಂಚಿನ ಮೇಲೆ ತನ್ನ ಹೆಸರಿನ ಮೊದಲಕ್ಷರಗಳನ್ನು ಕೆತ್ತಿದ್ದ ಒಬ್ಬ ಹುಡುಗ ಮುಂದೆ ಹಡಗಿನಲ್ಲಿ ಹೋಗಿ ಸಮುದ್ರದಲ್ಲಿ ಮುಳುಗಿ ಸತ್ತ ಎಂದು ಅಲ್ಲಿತ್ತು.

"ಇದು?"

ಅಂಕಲ್ ಪೆಟ್ಟಿಗೆಗೆ ಕೈ ಹಾಕಲಿಲ್ಲ.

"ನಾನು ಸೇರಿದ ವರ್ಷ ಒಬ್ಬ ಮುದುಕ ಮೇಷ್ಟ್ರು ಹೇಳಿದ್ರು. ಸ್ಟಾಫ್ ರೂಮಲ್ಲಿ ನನ್ನ ಪಕ್ಕ ಕೂರ್ತಿದ್ದವರು ಅವರೊಬ್ಬರೇ. ಅವರು ಸುಳ್ಳು ಹೇಳೋರಲ್ಲ."

ನಾನು ಅವರ ಮುಖ ನೋಡಿದೆ. ಇದೂ ಚಕ್ಕೆಯ ಹಾಗೆ ಇನ್ನೊಬ್ಬರ ಕೊರಳಿನಿಂದ ದಾಟಿ ಬಂದದ್ದಿರಬಹುದೇ ಎಂಬ ಅನುಮಾನ ನನಗೆ ಆಗಲೂ ಬಂತು. ಅವರಿಗೂ ಅದು ತಿಳಿಯಿತು.

"ಕಾಗದ ಇಲ್ವಾ, ಅಂಕಲ್?"

"ಇಲ್ಲ."

"ತೆಗೆದುಬಿಡಲಾ?"

"ಬೇಡ." ಪೆಟ್ಟಿಗೆಯ ಮುಚ್ಚಳ ಹಾಕಿದರು. "ಹೀಗೆ ಹೇಳುತ್ತಿದ್ದರು, ನಿಜವೋ ಅಲ್ಲವೋ ಬರೆದವನಿಗೆ ಗೊತ್ತಿಲ್ಲ ಅಂತ ಹಾಕು."

ಹಾಗೆಯೇ ಟೈಪ್ ಮಾಡಿದೆ. ಸ್ಪೆಲಿಂಗ್ ನೋಡಿಕೊಂಡು, ಮುಂದಿನ ಸಾಲಿನ ಮೇಲೆ ಬೆರಳಿಟ್ಟೆ.