ಮಗಳು ಮುಂದಿನ ಕೋಣೆಯಲ್ಲಿ ಮಲಗಿದ್ದ ಬೇಸಿಗೆ

ಮಗಳನ್ನು ದಿಂಡಿಗಲ್‌ನ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದು ದ್ರಾಕ್ಷಿ ಸಾಗಿಸುವ ಗಾಡಿಯಲ್ಲಿ. ಬಾಡಿಗೆಗೆ ಹೇಳಿದ್ದ ಕಾರಿನೊಳಗೆ ಅವಳು ಹಿಡಿಸಲೇ ಇಲ್ಲ. ಎದೆಯ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ಎರಡೂ ಕಾಲುಗಳನ್ನು ಅಗಲಿಸಿ, ನಡುವೆ ಒಂದು ಕೋಲು ಸೇರಿಸಿ ಬಿಗಿದಿದ್ದರು. ಕಾರಿನವನು ಹೀಗೆ ಓರೆ ಮಾಡಿ, ಹಾಗೆ ಓರೆ ಮಾಡಿ ಎಂದು ಸಲಹೆ ಕೊಡುತ್ತಲೇ ಇದ್ದ. ಮಗಳು ಅಳತೊಡಗಿದಳು. ಕೊನೆಗೆ ನಮ್ಮ ತೋಟದ ಹಣ್ಣು ಹೊರುವ ಗಾಡಿಯವನಿಗೆ ಫೋನ್ ಮಾಡಿ ಕರೆಸಿದೆ. ಹಾಸಿಗೆ ಹಾಸಿ, ಮೇಲೆ ಟಾರ್ಪಾಲು ಕಟ್ಟಿ, ಅವಳ ಪಕ್ಕ ನಾನೂ ನನ್ನ ಹೆಂಡತಿಯೂ ಕುಕ್ಕರುಗಾಲಲ್ಲಿ ಕೂತು ತೇನಿಯವರೆಗೆ ಬಂದೆವು.

ಹುಟ್ಟಿನಿಂದಲೇ ಅವಳ ಎಡತೊಡೆಯ ಮೂಳೆ ಸೊಂಟದ ಗುಳಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಒಂದನೇ ತರಗತಿ ಮುಗಿದ ರಜೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಕೂರಿಸಿದರು. ಡಾಕ್ಟರು ಸಮಾಧಾನವಾಗಿಯೇ ಹೇಳಿದ್ದರು: ಆಪರೇಷನ್ ಚೆನ್ನಾಗಿ ಆಗಿದೆ, ಇನ್ನು ತಾಳ್ಮೆ ಬೇಕು. ತಾಳ್ಮೆ ಅನ್ನುವುದು ಅಂಗಡಿಯಲ್ಲಿ ಸಿಗುವ ವಸ್ತುವಾಗಿದ್ದರೆ ಅವತ್ತೇ ತಂದಿಡುತ್ತಿದ್ದೆ.

ಹೆಂಡತಿ ಸರ್ಕಾರಿ ಕಚೇರಿಯಲ್ಲಿ ಕೆಲಸದವಳು. ಇದ್ದ ರಜೆಯೆಲ್ಲ ಆಸ್ಪತ್ರೆಯಲ್ಲೇ ಮುಗಿದಿತ್ತು. ನಮ್ಮ ಜೊತೆಗೇ ಇರುವ ಅವ್ವನಿಂದ ಮಗುವನ್ನು ಎತ್ತಿ ಹೊರಳಿಸಲಾಗದು, ಹಾಗಾಗಿ ಮನೆಯಲ್ಲಿ ಉಳಿದವನು ನಾನು. ತೋಟವನ್ನು ಆಳುಗಳಿಗೆ ಬಿಟ್ಟೆ. ಮಗಳ ಮಂಚವನ್ನು ಮುಂದಿನ ಕೋಣೆಯಲ್ಲಿ ಹಾಕಬೇಕಾಯಿತು. ಒಳಕೋಣೆಯ ಬಾಗಿಲಿನಲ್ಲಿ ಆ ಅಗಲಿಸಿದ ಕಾಲುಗಳು ತೂರುತ್ತಿರಲಿಲ್ಲ. ಬಚ್ಚಲಮನೆಯ ಮಾತಂತೂ ದೂರ. ಮಲಗಿದಲ್ಲೇ ಬೇಸಿನ್ನು, ಮಲಗಿದಲ್ಲೇ ಒದ್ದೆಬಟ್ಟೆಯ ಸ್ನಾನ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆನ್ನು ಕೆಂಪಾಗುತ್ತಿತ್ತು, ಆಗಾಗ ಹೊರಳಿಸಬೇಕು. ಹೊರಳಿಸುವಾಗ ನಡುವಿನ ಕೋಲು ಹಿಡಿಯಬಾರದು. ಹಿಡಿಯಲು ಹೇಳಿ ಮಾಡಿಸಿದ ಹಾಗಿದ್ದ ಕೋಲು ಅದೊಂದೇ ಆದ್ದರಿಂದ ಮನೆಗೆ ಬಂದವರೆಲ್ಲ ಸಹಾಯಕ್ಕೆಂದು ಅದಕ್ಕೇ ಕೈ ಹಾಕುತ್ತಿದ್ದರು.

ಬಿಸಿಲಿಗೆ ಮಗು ಪ್ಲಾಸ್ಟರಿನೊಳಗೆ ಬೆವರುತ್ತಿದ್ದಳು.

"ಅಪ್ಪಾ, ಕೆರೀತೈತೆ."

"ಎಲ್ಲಿ ಕಣ್ಣು?" ತಮಿಳರ ಹಾಗೆ ನಾವೂ ಮಕ್ಕಳನ್ನು ಮುದ್ದಿಗೆ ಕಣ್ಣು ಅನ್ನುತ್ತೇವೆ.

"ಒಳಗೆ."

"ಒಳಗೆ ಅಂದ್ರೆ ಎಲ್ಲಿ?"

"ನಿನ್ಗೆ ಸಿಗಾದಿಲ್ಲ ಬಿಡು."

ಕಡ್ಡಿ ಗಿಡ್ಡಿ ತೂರಿಸಬಾರದು ಎಂದು ಆಸ್ಪತ್ರೆಯಲ್ಲಿ ಎಚ್ಚರಿಸಿದ್ದರು. ಹೆಂಡತಿಯ ಕೂದಲು ಒಣಗಿಸುವ ಯಂತ್ರದಿಂದ ತಣ್ಣನೆ ಗಾಳಿ ಊದುತ್ತಿದ್ದೆ. ಕರೆಂಟು ಹೋದರೆ ಅದೂ ಇಲ್ಲ. ಆಗ ಹಳೆಯ ಕ್ಯಾಲೆಂಡರ್ ರಟ್ಟನ್ನು ಅವಳ ಹೊಟ್ಟೆಯ ಬಳಿ ಬೀಸುತ್ತಾ ಕೂರುವುದು. ತೋಟದಿಂದ ಫೋನ್ ಬರುತ್ತಿತ್ತು: ಔಷಧಿ ಹೊಡೆಯೋದಾ, ಬೇಡವಾ? ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ರಟ್ಟು. ಏನು ಹೇಳಿದೆ ಎಂಬುದು ನನಗೇ ನೆನಪಿರುತ್ತಿರಲಿಲ್ಲ.

ಇದೆಲ್ಲ ಹೇಗೋ ನಡೆಯುತ್ತಿತ್ತು. ನಡೆಯದೆ ಹೋದದ್ದು ಬಂದುಹೋಗುವವರ ವಿಷಯ.

ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ಮನೆಯೊಳಗೆ ಕನ್ನಡ ಮಾತಾಡುವ ನಮ್ಮ ಜನ ಹೆಚ್ಚುಕಡಿಮೆ ಎಲ್ಲರೂ ಹಿಂದೂಗಳು. ನಮ್ಮಪ್ಪ ಮದುವೆಯಾದ ಮೇಲೆ ಕ್ರೈಸ್ತ ಸಭೆ ಸೇರಿದರು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರಾರ್ಥನೆ ತಮಿಳಿನಲ್ಲಿ, ಬೈಗುಳ ಕನ್ನಡದಲ್ಲಿ. ಅಪ್ಪ ತೀರಿಕೊಂಡ ಮೇಲೆ ಅವ್ವನಿಗೆ ಸಭೆಯೇ ಬಂಧುಬಳಗ. ಹುಷಾರಿಲ್ಲದವರ ಮನೆಗೆ ಹೋಗಿ ಪ್ರಾರ್ಥಿಸುವ ಹೆಂಗಸರ ಗುಂಪೊಂದು ಸಭೆಯಲ್ಲಿದೆ. ಅವರು ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಎದುರಿಗೇ ಮಗಳು. ಬೇರೆ ರೋಗಿಗಳಾದರೆ ಒಳಕೋಣೆಯಲ್ಲಿ ಮಲಗಿರುತ್ತಾರೆ, ನಿದ್ದೆ ಬಂದಿದೆ ಎಂದು ಹೇಳಿ ಕಳಿಸಬಹುದು. ನಮ್ಮವಳು ಪ್ರದರ್ಶನಕ್ಕಿಟ್ಟ ಹಾಗೆ ಬಾಗಿಲ ಮುಂದೆಯೇ.

ಒಳ್ಳೆಯವರೇ. ಅದೇ ಕಷ್ಟ. ಹಣ್ಣು ತರುತ್ತಿದ್ದರು, ಇಡ್ಲಿ ತರುತ್ತಿದ್ದರು. ಆಮೇಲೆ ಮಂಚದ ಸುತ್ತ ನಿಂತು ಪ್ಲಾಸ್ಟರಿನ ಮೇಲೆ ಕೈಯಿಟ್ಟು, ಕಣ್ಣು ಮುಚ್ಚಿ, ಒಬ್ಬರಾದ ಮೇಲೆ ಒಬ್ಬರು ಪ್ರಾರ್ಥಿಸುತ್ತಿದ್ದರು. ಅಷ್ಟು ಹೊತ್ತು ಮಗಳಿಗೆ ಫ್ಯಾನಿನ ಗಾಳಿ ತಾಕುತ್ತಿರಲಿಲ್ಲ. ಪ್ರಾರ್ಥನೆ ಮುಗಿದ ಮೇಲೆ ಕಾಫಿ. ಕಾಫಿಯ ಜೊತೆ, ಯಾರಿಗೆಲ್ಲ ಆಪರೇಷನ್ ಆಗಿ ಏನೇನು ಕೆಟ್ಟಿತು ಎಂಬ ಕಥೆಗಳು. ಮಗಳು ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ನಿದ್ದೆಯ ನಟನೆ ಮಾಡುತ್ತಿದ್ದಳು. ಅವ್ವ ಟವೆಲ್ ಸರಿಸುತ್ತಿದ್ದಳು.

"ಬಂದೋರ ಮುಂದೆ ಮಕ ಮುಚ್ಕಬ್ಯಾಡ ಕಣ್ಣು. ಸ್ತೋತ್ರಂ ಅನ್ನು." ಸಭೆಯವರು ನಮಸ್ಕಾರಕ್ಕೂ ದೇವರ ಸ್ತುತಿಗೂ ಹೇಳುವ ಮಾತು ಅದು.

"ವಲ್ಲೆ."

ಒಂದು ದಿನ ಎಲ್ಲರೂ ಹೋದ ಮೇಲೆ ನಾನು ಅವ್ವನಿಗೆ ಹೇಳಿಯೇಬಿಟ್ಟೆ. "ಸ್ವಲ್ಪ ದಿನ ಯಾರೂ ಬರಾದು ಬ್ಯಾಡ ಅಂತ ಯೋಳವ್ವ."

"ಬರೋರ್ನ ಬರಬ್ಯಾಡಿ ಅಂತ ಎಂಗೆ ಯೋಳಾದು?"

"ನೀ ಯೋಳ್ದಿದ್ರೆ ನಾ ಯೋಳ್ತೀನಿ."

ಅವ್ವ ಲೋಟಗಳನ್ನು ತಟ್ಟೆಗೆ ಜೋಡಿಸುತ್ತಿದ್ದವಳು ನಿಂತಳು. "ನೀ ಹುಟ್ದಾಗ ನಮ್ ಜನ ಒಬ್ರೂ ಹೊಸ್ಲು ತುಳೀಲಿಲ್ಲ. ನಿಮ್ಮಪ್ಪ ಏಸು ವೇದಕ್ಕೆ ಸೇರ್ದ ಅಂತ. ನಮ್ಮವ್ವನ್ನೂ ಕಳಿಸ್ಲಿಲ್ಲ. ಬಾಣಂತಿಗೆ ಒಂದ್ ಲೋಟ ಕಷಾಯ ಕಾಸಿ ಕೊಟ್ಟೋರು ಯಾರು ಅಂದ್ಕಂಡೆ? ಇವ್ರೆ. ಈಗ ನಾ ಅವ್ರಿಗೆ ಬಾಗ್ಲು ಹಾಕ್ಲಾ?"

ಲೋಟದ ತಟ್ಟೆಯನ್ನು ನಾನೇ ಎತ್ತಿ ಒಳಗೆ ಒಯ್ದೆ. ಕೋಪ ಮಾತ್ರ ಹಾಗೇ ಇತ್ತು. ಸಂಜೆ ಕಚೇರಿಯಿಂದ ಬಂದ ಹೆಂಡತಿಯ ಮೇಲೆ ಅದನ್ನು ಕಾರಿದೆ. ಅವಳು ಮಗಳ ತಲೆ ಬಾಚುತ್ತಾ, "ನೀನು ಹಗಲೆಲ್ಲ ಇವಳ ಜೊತೆ ಇರ್ತೀಯ. ನಾನು ಫೈಲಿನ ಮುಂದೆ ಕೂತು ಇವಳಿಗೆ ಎಲ್ಲಿ ಕೆರೀತೈತೋ ಅಂತ ನೆನಸ್ಕಂಡು ಸಾಯ್ತೀನಿ. ಬದಲಾಯ್ಸ್ಕಳಾನಾ?" ಎಂದಳು.

ಪ್ಲಾಸ್ಟರ್ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆವು. ಕಣಿವೆಯಲ್ಲಿ ಗಾಳಿಕಾಲ ಶುರುವಾಗುವ ಹೊತ್ತಿಗೆ ತೆಗೆದರು. ಒಳಗಿಂದ ಹೊರಬಂದ ಕಾಲುಗಳನ್ನು ನೋಡಿ ಮಗಳು ಹೆದರಿದಳು. ಬೂದು ಬಣ್ಣದ ಚರ್ಮ ಪೊರೆಪೊರೆಯಾಗಿ ಎದ್ದಿತ್ತು, ತೊಡೆ ನನ್ನ ಮುಂಗೈಯಷ್ಟು ತೆಳ್ಳಗಾಗಿತ್ತು. "ಇದು ನಂದಲ್ಲ," ಎಂದಳು.

ಮನೆಗೆ ಬಂದಳು, ನಡೆಯಲಿಲ್ಲ. ನಿಲ್ಲಿಸಿದರೆ ಕಾಲು ಮಡಚಿ ಕೂತುಬಿಡುತ್ತಿದ್ದಳು. ನೆಲದ ಮೇಲೆ ಕುಂಡಿ ಎಳೆದುಕೊಂಡು ಮನೆಯೆಲ್ಲ ಓಡಾಡುವುದನ್ನು ಕಲಿತಳು. ವ್ಯಾಯಾಮ ಹೇಳಿಕೊಡುವವರು, ದಿನಾ ಮಾಡಿಸಿ, ಆದರೆ ಬಲವಂತ ಮಾಡಬೇಡಿ ಎಂದಿದ್ದರು. ಬಲವಂತ ಮಾಡದೆ ಮಾಡಿಸುವುದು ಹೇಗೆಂದು ಅವರು ಹೇಳಲಿಲ್ಲ. ಮಂಡಿ ಮಡಿಸಿದರೆ ಬೀದಿಗೆ ಕೇಳುವಂತೆ ಕಿರುಚುತ್ತಿದ್ದಳು. ಒಮ್ಮೆ ನಾನೂ ಕಿರುಚಿದೆ: "ನಡೀದಿದ್ರೆ ಇಂಗೇ ತೆವಳ್ಕಂಡಿರು." ಅವಳು ಅಳಲಿಲ್ಲ. ನನ್ನ ಕಡೆಗೆ ಬೆನ್ನು ಮಾಡಿ ತೆವಳುತ್ತಾ ಅಡುಗೆಮನೆಗೆ ಹೋದಳು. ನಾನು ಹಿತ್ತಲಿಗೆ ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ ಕೈ ತೊಳೆದೆ.

ಅಷ್ಟರಲ್ಲಿ ಸಭೆಯಿಂದ ಹೊಸ ಒತ್ತಾಯ. ಮಗು ಭಾನುವಾರ ಆರಾಧನೆಗೆ ಬರಲಿ, ಮುಂದೆ ನಡೆದುಹೋಗಿ ದೇವರು ಮಾಡಿದ ಉಪಕಾರದ ಬಗ್ಗೆ ಸಾಕ್ಷಿ ಹೇಳಲಿ ಎಂದು. ಅದನ್ನು ಹೇಳಲು ಗುಂಪಿನ ಹಿರಿಯಕ್ಕ ಮತ್ತಿಬ್ಬರ ಜೊತೆ ಒಂದು ಮಧ್ಯಾಹ್ನ ಬಂದರು. ಆಕೆ ತಮಿಳಿನವರು, ಗಟ್ಟಿ ದನಿ. ಮಗಳು ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಳು.

"ಇನ್ನೂ ನಡೆಯುವುದಿಲ್ಲವಾ ಪಾಪಾ?" ಎಂದು ಕೇಳಿದರು ಹಿರಿಯಕ್ಕ. ಮಗಳು ತಲೆ ಎತ್ತಲಿಲ್ಲ. ಅವರು ಅವ್ವನ ಕಡೆ ತಿರುಗಿ, "ಇದು ಕಾಲಿನ ತೊಂದರೆ ಅಲ್ಲ, ಹಟದ ಆತ್ಮ. ಅದು ಬಿಟ್ಟುಹೋಗಲಿ ಅಂತ ಇವತ್ತು ಪ್ರಾರ್ಥಿಸೋಣ," ಎಂದು ಮಗಳ ತಲೆಯ ಮೇಲೆ ಕೈಯಿಟ್ಟರು.

ನಾನು ಬಾಯಿ ತೆರೆಯುವುದರೊಳಗೆ ಮಗಳು ಆ ಕೈ ಸರಿಸಿದಳು. ಮಂಚದ ಕಾಲು ಹಿಡಿದಳು, ಮಂಚದ ಅಂಚು ಹಿಡಿದಳು, ಎದ್ದು ನಿಂತಳು. ಗೋಡೆಗೆ ಅಂಗೈ ಒತ್ತಿಕೊಂಡು, ಮೊಣಕಾಲು ನಡುಗುತ್ತಿದ್ದರೂ ತುಟಿ ಕಚ್ಚಿ, ಒಂದೊಂದೇ ಹೆಜ್ಜೆ ಹಾಕಿ ಒಳಕೋಣೆಯವರೆಗೆ ನಡೆದಳು. ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಆಮೇಲೆ ಹಿರಿಯಕ್ಕ ಎರಡೂ ಕೈ ಮೇಲೆತ್ತಿ "ಸ್ತೋತ್ರಂ" ಎಂದರು. ಉಳಿದಿಬ್ಬರು ಕಣ್ಣೀರು ಹಾಕಿದರು. ದೇವರು ಈ ಕ್ಷಣವೇ ಉತ್ತರ ಕೊಟ್ಟನಲ್ಲ ಎಂದು ಹಾಡು ಶುರುಮಾಡಲು ಹೊರಟರು. ನನಗೆ ನಗು ಬಂತು, ಅದಕ್ಕಿಂತ ಹೆಚ್ಚು ಮೈ ಉರಿಯಿತು. ನನ್ನ ಮಗಳು ನಡೆದದ್ದು ಇವರ ಮುಖ ನೋಡಬಾರದೆಂದು. ಅದೂ ಇವರ ಲೆಕ್ಕಕ್ಕೇ ಸೇರಿತಲ್ಲ.

ಆಗ ಅವ್ವ ಮಾತಾಡಿದಳು. ತಮಿಳಿನಲ್ಲಿ, ಮೆತ್ತಗೆ: "ಅಕ್ಕಾ, ಇವತ್ತಿಗೆ ಸಾಕು. ಕಾಫಿ ಕುಡಿದು ಹೊರಡಿ. ಹಾಡು ನಾವು ಸಭೆಯಲ್ಲಿ ಹಾಡೋಣ. ಮಗು ಸುಸ್ತಾಗಿದೆ."

ಹಿರಿಯಕ್ಕ ಅವ್ವನ ಮುಖವನ್ನೇ ನೋಡಿದರು. ಕಾಫಿ ಕುಡಿಯದೆ ಹೋದರು. ಅವರ ಚಪ್ಪಲಿ ಸದ್ದು ಗೇಟು ದಾಟುವವರೆಗೂ ಅವ್ವ ಬಾಗಿಲಲ್ಲೇ ನಿಂತಿದ್ದಳು. ಅವಳ ಕಣ್ಣು ಕೆಂಪಾಗಿತ್ತು. ನಾನು ಏನೋ ಹೇಳಲು ಹೋದೆ. "ನೀ ಸುಮ್ನಿರು," ಎಂದಳು.

ಒಳಕೋಣೆಯ ಬಾಗಿಲು ತಟ್ಟಿದೆ.

"ಹೋದ್ರಾ?"

"ಹೋದ್ರು. ಬಾ."

"ಬರಾಕಾಗಾದಿಲ್ಲ. ನೀನೇ ಬಾ."

ಬಾಗಿಲು ನೂಕಿದರೆ ಮಗಳು ನೆಲದ ಮೇಲೆ ಕೂತಿದ್ದಳು, ಮೈಯೆಲ್ಲ ಬೆವರು, ಕಾಲು ಇನ್ನೂ ನಡುಗುತ್ತಿತ್ತು. ಎತ್ತಿಕೊಂಡೆ. ನನ್ನ ಹೆಗಲಿಗೆ ಮುಖವಿಟ್ಟು, "ಅಜ್ಜಿ ಬೈತಾಳಾ?" ಎಂದು ಕೇಳಿದಳು.

ಮರುದಿನ ಮತ್ತೆ ತೆವಳಿದಳು. ಅದರ ಮರುದಿನವೂ. ಒಮ್ಮೆ ನಡೆದದ್ದರಿಂದ ಏನೂ ಬದಲಾಗಲಿಲ್ಲ. ನನ್ನ ಸಿಡುಕೂ ಹಾಗೇ ಉಳಿಯಿತು. ಬದಲಾದದ್ದು ಒಂದೇ: ಅವಳಿಗೆ ಆಗುತ್ತದೆ ಎಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ವ್ಯಾಯಾಮದ ಹೊತ್ತಿಗೆ ನಾನು ಹೊರಗೆ ಹೋಗಿ, ಅವಳನ್ನು ಅಜ್ಜಿಯ ಜೊತೆ ಬಿಡತೊಡಗಿದೆ. ಅವ್ವನಿಗೆ ಸಂಧಿವಾತ, ಅವಳಿಗೂ ಮಂಡಿ ಮಡಿಸಲಾಗದು. ಇಬ್ಬರೂ ಎದುರುಬದುರು ಕೂತು ಒಬ್ಬರನ್ನೊಬ್ಬರು ಬೈಯುತ್ತಾ ಕಾಲು ಮಡಿಸುತ್ತಿದ್ದರು. ಮಗಳು ಮೊದಲು ವಾಕರ್ ಹಿಡಿದು ಅಂಗಳಕ್ಕೆ ಬಂದಳು. ಆಮೇಲೆ ವಾಕರ್ ಬಿಟ್ಟಳು. ಅದಕ್ಕೆ ಮಳೆಗಾಲ ಪೂರ್ತಿ ಹಿಡಿಯಿತು.

ಆ ವರ್ಷ ಸಭೆಯಲ್ಲಿ ಸಾಕ್ಷಿ ಹೇಳಲು ಅವ್ವ ಒಬ್ಬಳೇ ಎದ್ದಳು. ಮೊಮ್ಮಗಳು ನಡೆಯುತ್ತಿದ್ದಾಳೆ, ಕರ್ತನಿಗೆ ಸ್ತೋತ್ರಂ ಎಂದಷ್ಟೇ ಹೇಳಿ ಕೂತಳು. ಹಿರಿಯಕ್ಕ ಅವ್ವನ ಜೊತೆ ಈಗ ಮಾತಾಡುತ್ತಾರೆ, ಆದರೆ ನಮ್ಮ ಮನೆಗೆ ಬರುವ ಮೊದಲು ಫೋನ್ ಮಾಡುತ್ತಾರೆ. ಅವ್ವನಿಗೆ ಅದು ನೋವು. ನಾನು ಸಮಾಧಾನ ಮಾಡುವ ಗೋಜಿಗೆ ಹೋಗಿಲ್ಲ. ಮಗಳು ಶಾಲೆಗೆ ನಡೆದೇ ಹೋಗುತ್ತಾಳೆ. ದಣಿದರೆ ಎಡಗಾಲು ಸ್ವಲ್ಪ ಎಳೆಯುತ್ತದೆ. ದಾರಿಯಲ್ಲಿ ಯಾರಾದರೂ ಅದನ್ನು ನೋಡುತ್ತಾ ನಿಂತರೆ, ಅವರು ಹೋಗುವವರೆಗೂ ಅವಳೂ ನಿಂತು ಅವರನ್ನೇ ನೋಡುತ್ತಾಳೆ.